ಸಂಗಡ ಬರುವ ಒಡವೆ

ಹೋದ ದೀಪಾವಳಿಗೆ ಬೆಳಗಾವಿಯಿಂದ ಬಂದಿದ್ದ ನನ್ನ ತಮ್ಮನ ಮೊಮ್ಮಗಳು, ಊಟ ಮುಗಿದು ಎಲ್ಲರೂ ಪಡಸಾಲೆಯಲ್ಲಿ ಕುಳಿತ ಹೊತ್ತಿನಲ್ಲಿ, ಒಂದು ಹಾಳೆ ಮತ್ತು ಪೆನ್ಸಿಲು ಹಿಡಿದುಕೊಂಡು ನನ್ನ ಬಳಿಗೆ ಬಂದಳು.

“ಅಜ್ಜಾ, ನಿಮ್ಮ ಆಯಿ ಕೈಮ್ಯಾಲ ಹಚ್ಚಿ ಇತ್ತಂತಲ್ಲ, ಅದು ಹೆಂಗಿತ್ತು? ಇದರಾಗ ಬರದು ತೋರಸ್ರಿ.”

ಕಾಲೇಜಿನಲ್ಲಿ ಓದುವ ಹುಡುಗಿ. ಮುಂಗೈಯ ಮೇಲೆ ಒಂದು ಹಚ್ಚೆ ಹಾಕಿಸಿಕೊಳ್ಳಬೇಕೆಂದು ಅವಳ ಆಸೆ. ಪೇಟೆಯ ಅಂಗಡಿಗೆ ಹೋಗಿ ಅಲ್ಲಿಯ ನಮೂನೆಗಳ ಪುಸ್ತಕವನ್ನೆಲ್ಲ ತಿರುವಿ ಹಾಕಿದ್ದಳಂತೆ. ಸಿಂಹ, ಗರಿ, ಗುಲಾಬಿ, ಇಂಗ್ಲಿಷಿನ ಸುಭಾಷಿತ, ಎಲ್ಲವೂ ಇದ್ದವು, ಆದರೆ ಯಾವುದೂ ತನ್ನದೆನಿಸಲಿಲ್ಲ. ಆಗ ಅವಳಿಗೆ ತನ್ನ ಅಜ್ಜನ ಅಜ್ಜಿಯ ನೆನಪು ಬಂದಿದೆ. ಅವಳು ಕಣ್ಣಿನಿಂದ ಕಾಣದ, ಮನೆಯವರ ಮಾತಿನಿಂದ ಮಾತ್ರ ಬಲ್ಲ ಮುದುಕಿ.

ನಾನು ಪೆನ್ಸಿಲು ಕೈಗೆ ತೆಗೆದುಕೊಂಡೆ. ಆಯಿಯ ಎಡಗೈಯನ್ನು ತಲೆಗೆ ದಿಂಬಾಗಿ ಮಾಡಿಕೊಂಡು ನಾನು ಎಷ್ಟೋ ಮಧ್ಯಾಹ್ನ ನಿದ್ದೆ ಮಾಡಿದ್ದೇನೆ. ಅದರ ಮೇಲಿನ ಚೇಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಆಡಿದ್ದೇನೆ. ಆದರೆ ಹಾಳೆಯ ಮೇಲೆ ಗೆರೆ ಮೂಡಲಿಲ್ಲ. ಚೇಳಿನ ಕೊಂಡಿ ಬಲಕ್ಕೆ ಬಾಗಿತ್ತೋ ಎಡಕ್ಕೋ, ತೊಟ್ಟಿಲಿನ ಕೆಳಗೆ ಎಷ್ಟು ಚುಕ್ಕೆಗಳಿದ್ದವು, ಒಂದೂ ಖಚಿತವಾಗಿ ನೆನಪಿಗೆ ಬರಲಿಲ್ಲ. ಮನೆಯಲ್ಲಿ ಆಯಿಯ ಫೋಟೋ ಒಂದೇ ಒಂದು ಇದೆ. ಅದರಲ್ಲಿ ಸೆರಗು ಕೈಯನ್ನು ಪೂರ್ತಿ ಮುಚ್ಚಿದೆ. 1978ರಲ್ಲಿ ಅವಳನ್ನು ಮಣ್ಣಿಗಿಟ್ಟು ಬಂದೆವು. ಆ ಬರಹವೂ ಅವಳ ಸಂಗಡ ಹೋಯಿತು. ಆ ಸಂಜೆ ನಾನು ನಿಜವಾಗಿ ನಾಚಿದೆ. ಶಾಸನಗಳ ಮೇಲಿನ ಅಕ್ಷರಗಳಿಗಾಗಿ ಊರೂರು ಅಲೆದವನು ನಾನು. ಮನೆಯೊಳಗೇ ನಡೆದಾಡುತ್ತಿದ್ದ ಶಾಸನವನ್ನು ಓದಿಕೊಳ್ಳಲಿಲ್ಲ.

ಈ ಮಾತುಗಳನ್ನು ಆಡಲು ಹೊರಟಿರುವುದು ಆ ನಾಚಿಕೆಯಿಂದ.

ಮೊದಲು ಹೆಸರನ್ನೇ ನೋಡೋಣ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುವುದು ನಮಗೆಲ್ಲ ತಿಳಿದ ಸಂಗತಿ. ಪಾಲು ಹಾಲಾಯಿತು, ಪೂ ಹೂವಾಯಿತು. ಅದೇ ದಾರಿಯಲ್ಲಿ ಪಚ್ಚೆ ಹಚ್ಚೆಯಾಗಿದೆ. ತಮಿಳರು ಇಂದಿಗೂ ‘ಪಚ್ಚೈ ಕುತ್ತುವುದು’ ಎನ್ನುತ್ತಾರೆ, ತೆಲುಗರು ‘ಪಚ್ಚಬೊಟ್ಟು’ ಎನ್ನುತ್ತಾರೆ. ಎಂದರೆ ದಕ್ಷಿಣದ ಮೂರು ನುಡಿಗಳೂ ಈ ಗುರುತನ್ನು ಅದರ ಹಸುರು ಬಣ್ಣದಿಂದಲೇ ಕರೆದವು. ನಮ್ಮ ಗಡಿಯಾಚೆಯ ಮರಾಠಿಗರು ಮಾತ್ರ ಚುಚ್ಚುವ ಕ್ರಿಯೆಯನ್ನು ಮುಂದೆ ಮಾಡಿ ‘ಗೋಂದಣ’ ಎಂದರು. ಇಲ್ಲೊಂದು ಸೋಜಿಗವಿದೆ. ಹಚ್ಚೆಗೆ ಬಳಸುತ್ತಿದ್ದುದು ಹಸುರು ಬಣ್ಣವನ್ನಲ್ಲ, ದೀಪದ ಕಪ್ಪು ಮಸಿಯನ್ನು. ಕಪ್ಪು ಮಸಿ ಚರ್ಮದ ಅಡಿಯಲ್ಲಿ ಕುಳಿತಾಗ, ಮೇಲಿನ ಪದರದ ಮೂಲಕ ಹಾದು ಬರುವ ಬೆಳಕಿನಲ್ಲಿ ಅದು ನೀಲಿ ಬೆರೆತ ಹಸುರಾಗಿ ಕಾಣುತ್ತದೆ. ನಮ್ಮ ಹಿರಿಯರು ತಾವು ಒಳಗೆ ಇಟ್ಟದ್ದನ್ನು ಬಿಟ್ಟು, ಹೊರಗೆ ಕಂಡದ್ದಕ್ಕೆ ಹೆಸರಿಟ್ಟರು.

ಆಯಿಯ ತವರು ಗೋಕಾಕ ತಾಲೂಕಿನ ಅಂಕಲಗಿ, ಅಡವಿಸಿದ್ಧೇಶ್ವರ ಮಠದ ಊರು. ಸುಗ್ಗಿ ಮುಗಿದು ಮನೆಗಳಲ್ಲಿ ಜೋಳ ತುಂಬಿದ ಮೇಲೆ ಕೊರವರ ಹೆಂಗಸರು ಅಲ್ಲಿಗೆ ಬರುತ್ತಿದ್ದರಂತೆ. ಬುಟ್ಟಿ, ಕಸಬರಿಗೆಗಳ ಮಾರಾಟ, ಕಣಿ ಹೇಳುವುದು, ಹಚ್ಚೆ ಚುಚ್ಚುವುದು, ಮೂರೂ ಅವರ ಕಸುಬುಗಳು. ಕಿಳ್ಳೇಕ್ಯಾತರಂಥ ಬೇರೆ ಅಲೆಮಾರಿಗಳಲ್ಲಿಯೂ ಈ ಕಲೆ ಬಲ್ಲ ಹೆಂಗಸರಿದ್ದರು. ಹರಳೆಣ್ಣೆಯ ದೀಪದ ಮೇಲೆ ಮಡಕೆಯ ಚೂರು ಹಿಡಿದು ಮಸಿ ಕೂಡಿಸುವುದು, ಅದನ್ನು ಸೊಪ್ಪಿನ ರಸದಲ್ಲಿ ಇಲ್ಲವೆ ಬಾಣಂತಿಯ ಎದೆಹಾಲಿನಲ್ಲಿ ಅರೆಯುವುದು, ಕಡ್ಡಿಯಿಂದ ಕೈಮೇಲೆ ಚಿತ್ರ ಬರೆಯುವುದು, ಮೂರು ನಾಲ್ಕು ಸೂಜಿಗಳನ್ನು ಜೋಡಿಸಿ ದಾರ ಸುತ್ತಿ ಆ ಗೆರೆಯ ಮೇಲೆ ಚುಚ್ಚುತ್ತ ಹೋಗುವುದು, ಕೊನೆಗೆ ಬಾವು ಏರದಂತೆ ಅರಿಶಿನ ಹಚ್ಚುವುದು: ಇದು ಕ್ರಮ. ಹುಡುಗಿ ಕೈ ಎಳೆದುಕೊಳ್ಳದಂತೆ ಇಬ್ಬರು ಹಿಡಿದಿರುತ್ತಿದ್ದರು. ಅಳುವನ್ನು ಮರೆಸಲು ಚುಚ್ಚುವವಳು ಹಾಡುತ್ತಿದ್ದಳು. ಆ ಹಾಡುಗಳಲ್ಲಿ ತವರು ಮತ್ತು ಅಣ್ಣತಮ್ಮಂದಿರ ಸುದ್ದಿಯೇ ಹೆಚ್ಚು ಎಂದು ಆಯಿ ಹೇಳುತ್ತಿದ್ದಳು. ಕೂಲಿಯೆಂದರೆ ಒಂದು ಮೊರ ಜೋಳ, ಒಂದಿಷ್ಟು ಎಣ್ಣೆ, ಮನೆಯವರು ಉದಾರಿಗಳಾದರೆ ಒಂದು ಹಳೆಯ ಸೀರೆ.

ಚಿತ್ರಗಳ ವಿಷಯ. ಬೆಳಗಾವಿ ಧಾರವಾಡ ಸೀಮೆಯ ಕಸೂತಿಯನ್ನು ಬಲ್ಲವರಿಗೆ ಇಳಕಲ್ ಸೀರೆಯ ಮೇಲಿನ ತೇರು, ಗೋಪುರ, ತೊಟ್ಟಿಲು, ತುಳಸಿಕಟ್ಟೆ, ನವಿಲುಗಳ ಪರಿಚಯವಿರುತ್ತದೆ. ಅವುಗಳೇ ಮನೆಯ ಮುಂದಿನ ರಂಗೋಲಿಯಲ್ಲಿ ಮೂಡುತ್ತವೆ. ಅವುಗಳೇ ಹಚ್ಚೆಯಲ್ಲಿಯೂ ಮೂಡುತ್ತಿದ್ದವು. ನೆಲ, ಬಟ್ಟೆ, ಚರ್ಮ, ಈ ಮೂರೂ ನಮ್ಮ ಹೆಣ್ಣುಮಕ್ಕಳ ಹಾಳೆಗಳು. ಮೊದಲನೆಯದು ಸಂಜೆಯೊಳಗೆ ಅಳಿಯುತ್ತದೆ, ಎರಡನೆಯದು ಕೆಲವು ವರ್ಷಗಳಲ್ಲಿ ಹರಿಯುತ್ತದೆ, ಮೂರನೆಯದು ಉಸಿರಿರುವ ತನಕ ಉಳಿಯುತ್ತದೆ. ಹೆಣ್ಣುಮಕ್ಕಳಿಗೆ ಓದುಬರಹ ಕಲಿಸದ ಕಾಲದಲ್ಲಿ ಅವರು ಈ ಮೂರು ಹಾಳೆಗಳ ಮೇಲೆ ಬರೆದದ್ದನ್ನು ನಾವು ಅಲಂಕಾರವೆಂದು ಕರೆದು ಸುಮ್ಮನಾದೆವು. ಅವರು ಹಾಡಿದ್ದನ್ನಾದರೂ ಬರೆದುಕೊಂಡ ಪುಣ್ಯಾತ್ಮರಿದ್ದರು. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ನಮ್ಮ ಗೋಕಾಕ ತಾಲೂಕಿನವರೇ ಆದ ಬೆಟಗೇರಿ ಕೃಷ್ಣಶರ್ಮರು ಜನಪದ ಗೀತೆಗಳಿಗಾಗಿ ದುಡಿದರು. ಆದರೆ ಹಾಡಿದವರ ಕೈಮೇಲೆ ಇದ್ದುದನ್ನು ಬರೆದುಕೊಳ್ಳಲು ನಮ್ಮ ಮನೆಯಲ್ಲಂತೂ ಯಾರೂ ಕೂರಲಿಲ್ಲ.

ಪ್ರತಿಯೊಂದು ಚಿತ್ರಕ್ಕೂ ಒಂದು ಕಾರಣ ಹೇಳುವುದುಂಟು. ಚೇಳಿದ್ದರೆ ವಿಷ ಏರುವುದಿಲ್ಲ. ತೊಟ್ಟಿಲಿದ್ದರೆ ಮಡಿಲು ತುಂಬುತ್ತದೆ. ಹಣೆಯ ಮೇಲಿನ ಅಥವಾ ಗದ್ದದ ಮೇಲಿನ ಚುಕ್ಕೆ ಕಣ್ಣೆಸರಿಗೆ ತಡೆ. ಮುಂಗೈಯಲ್ಲಿ ಗಂಡನ ಹೆಸರು ಬರೆಸಿಕೊಳ್ಳುವುದು ಅಕ್ಷರ ಬಲ್ಲವರು ಊರಿಗೆ ಬಂದ ಮೇಲಿನ ಮಾತು. ಇದರಲ್ಲಿಯೂ ಒಂದು ಸ್ವಾರಸ್ಯವಿದೆ. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೇಳಲೇಬೇಕಾದರೆ ಒಡಪಿನೊಳಗೆ ಅಡಗಿಸಿ ಹೇಳಬೇಕು. ಅಂಥವಳು ಯಾರಾದರೂ ಕೇಳಿದಾಗ ಸುಮ್ಮನೆ ಮುಂಗೈ ಚಾಚಿದರಾಯಿತು. ಬಾಯಿಗೆ ನಿಷಿದ್ಧವಾದುದನ್ನು ಕೈ ಹೇಳುತ್ತಿತ್ತು.

ಇವೆಲ್ಲಕ್ಕಿಂತ ದೊಡ್ಡ ಕಾರಣ ಸಾವಿನದು. ಕೊರಳಿನ ಟಿಕ್ಕಿ, ಕಿವಿಯ ಬೆಂಡೋಲೆ, ಕಾಲಿನ ಕಾಲುಂಗುರ, ಎಲ್ಲವನ್ನೂ ಕೊನೆಯಲ್ಲಿ ಬಿಚ್ಚಿಕೊಳ್ಳುತ್ತಾರೆ. “ಬಂಗಾರ ಇದ್ದಾಗ ಕಳ್ಳ ಒಯ್ತಾನ, ಸತ್ತಾಗ ಮಕ್ಕಳು ಒಯ್ತಾರ. ಹಚ್ಚಿ ಒಂದ ನೋಡಪಾ, ಯಾರಿಗೂ ಒಯ್ಯಾಕ ಬರಂಗಿಲ್ಲ” ಎಂದು ಆಯಿ ನಗುತ್ತಿದ್ದಳು. ಈ ನಂಬಿಕೆ ಅವಳೊಬ್ಬಳದಲ್ಲ. ನಮ್ಮ ದೇಶದ ಅನೇಕ ಕಡೆ ಇದೇ ಮಾತು ಬೇರೆ ಬೇರೆ ನುಡಿಗಳಲ್ಲಿ ಕೇಳಿಬರುತ್ತದೆ. ಹೊಲ ಮನೆ ಯಾವುದರಲ್ಲಿಯೂ ಹೆಸರಿಲ್ಲದ ಹೆಣ್ಣಿಗೆ ತನ್ನದೆಂದು ಹೇಳಿಕೊಳ್ಳಲು ಇದ್ದ ಆಸ್ತಿ ಅಷ್ಟೇ ಎಂಬುದನ್ನು ನೆನೆದರೆ ಆ ನಗೆಯ ಅರ್ಥ ತಿಳಿದೀತು.

ಆದರೆ ಒಂದು ಪ್ರಶ್ನೆಯನ್ನು ನಾವು ಬಿಡಬಾರದು. ಈ ಚಿತ್ರಗಳನ್ನು ಆರಿಸಿದವರು ಯಾರು? ಮೊಮ್ಮಗಳು ‘ಆಯಿಯ ಆಯ್ಕೆ’ ಎಂಬ ಮಾತನ್ನು ಎರಡು ಮೂರು ಸಲ ಬಳಸಿದಳು. ಹಾಗೆ ಆಯ್ಕೆ ಎಂಬುದೇನೂ ಇರಲಿಲ್ಲವೆಂದು ನಾನು ಅವಳಿಗೆ ಹೇಳಬೇಕಾಯಿತು. ಹಚ್ಚೆ ಹಾಕಿಸಿದಾಗ ಆಯಿಗೆ ಒಂಬತ್ತು ವರ್ಷ. ಮದುವೆ ಗೊತ್ತಾಗಿತ್ತು. ಅತ್ತೆಯ ಮನೆಗೆ ಬರಿಗೈಯಲ್ಲಿ ಹೋಗಬಾರದು ಎಂಬುದು ಹಿರಿಯರ ನಿರ್ಣಯ. ಅವಳಿಗೆ ಬೇಕಾಗಿದ್ದುದು ನವಿಲು. ತಾಯಿ ಚೇಳು ಮತ್ತು ತೊಟ್ಟಿಲು ಸಾಕೆಂದಳು. ನವಿಲಿಗೆ ಚುಚ್ಚು ಹೆಚ್ಚು, ಜೋಳವೂ ಹೆಚ್ಚು. ಎಪ್ಪತ್ತರ ವಯಸ್ಸಿನಲ್ಲಿಯೂ ಆಯಿ ಆ ನವಿಲನ್ನು ಮರೆತಿರಲಿಲ್ಲ. ಹಳೆಯದೆಲ್ಲವೂ ಅರ್ಥಪೂರ್ಣ, ಹೊಸದೆಲ್ಲವೂ ಬರಿಯ ಶೋಕಿ ಎಂದು ಹೇಳುವವರು ಈ ನವಿಲಿನ ಮಾತನ್ನು ನೆನಪಿನಲ್ಲಿಡಬೇಕು.

ಒಬ್ಬರು ಇನ್ನೊಬ್ಬರ ಮೈಮೇಲೆ ಬರೆಯುವ ಅಧಿಕಾರ ಮನೆಯೊಳಗೆ ಮಾತ್ರ ಇರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸರಕಾರ 1797ರಲ್ಲಿ ಬಂಗಾಳದಲ್ಲಿ ಒಂದು ಕಾಯಿದೆ ಮಾಡಿ, ಜೀವಾವಧಿ ಶಿಕ್ಷೆಯ ಕೈದಿಗಳ ಹಣೆಯ ಮೇಲೆ ಅವರ ಅಪರಾಧವನ್ನು ಹಚ್ಚೆಯಾಗಿ ಚುಚ್ಚಿಸತೊಡಗಿತು. ಆ ಪದ್ಧತಿ ರದ್ದಾದದ್ದು 1849ರಲ್ಲಿ. ನಮ್ಮ ಹೆಂಗಸರು ಕಣ್ಣೆಸರಿಗೆ ತಡೆಯೆಂದು ಚುಕ್ಕೆ ಇಟ್ಟುಕೊಳ್ಳುತ್ತಿದ್ದ ಅದೇ ಹಣೆ, ಅದೇ ಸೂಜಿ, ಅದೇ ಮಸಿ. ಅರ್ಥ ಮಾತ್ರ ತಿರುಗಿ ನಿಂತಿತು. ಮುಂದೆ 1941ರಿಂದ ಆಶ್‌ವಿಟ್ಜ್ ಶಿಬಿರದಲ್ಲಿ ನಾಜಿಗಳು ಬಂದಿಗಳ ಮೈಮೇಲೆ ಸಂಖ್ಯೆಗಳನ್ನು ಚುಚ್ಚಿದರು. ಹೆಸರಿದ್ದ ಮನುಷ್ಯನನ್ನು ಅಂಕಿಯಾಗಿ ಮಾಡುವುದಕ್ಕೆ ಹಚ್ಚೆ ಸಾಧನವಾಯಿತು.

ಹಚ್ಚೆ ಚುಚ್ಚುತ್ತಿದ್ದ ಆ ಹೆಂಗಸರ ಕಥೆಯೂ ಇದಕ್ಕೆ ಹೊಂದಿಕೊಂಡೇ ಇದೆ. ಬ್ರಿಟಿಷ್ ಸರಕಾರ 1871ರಲ್ಲಿ ‘ಅಪರಾಧಿ ಬುಡಕಟ್ಟುಗಳ ಕಾಯಿದೆ’ ಎಂಬುದನ್ನು ತಂದಿತು. 1911ರಲ್ಲಿ ಅದನ್ನು ಬ್ರಿಟಿಷ್ ಆಡಳಿತದ ಪ್ರದೇಶಕ್ಕೆಲ್ಲ ವಿಸ್ತರಿಸಿತು. ಕೊರವರ ಹಲವು ಪಂಗಡಗಳು ಆ ಪಟ್ಟಿಗೆ ಸೇರಿದವು. ಹುಟ್ಟಿದ ಕುಲವೇ ಅಪರಾಧ. ಬೆರಳಚ್ಚು ಕೊಡಬೇಕು, ಹಾಜರಿ ಹೇಳಬೇಕು, ಊರು ಬಿಟ್ಟು ಹೋಗಲು ಅಪ್ಪಣೆ ಬೇಕು. ಬಿಜಾಪುರ, ಗದಗ, ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿ ಅಲೆಮಾರಿ ಜನರನ್ನು ಬೇಲಿಯೊಳಗೆ ಇರಿಸುವ ವಸಾಹತುಗಳಾದವು. “ಆಕಿ ಬಂದಾಕಿ ಮದಲ ಗೌಡರ ಚಾವಡಿಗೆ ಹೋಗಿ ಹಾಜರಿ ಕೊಟ್ಟ ಬರತಿದ್ಲು. ಆಮ್ಯಾಲ ನಮ್ಮ ಕೈಗೆ ಸೂಜಿ ಹಿಡೀತಿದ್ಲು” ಎಂದು ಆಯಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಊರ ಹೆಣ್ಣುಮಕ್ಕಳ ಕೈಮೇಲೆ ಶುಭದ ಗುರುತನ್ನಿಟ್ಟವಳ ಕೈಯಿಂದ ಸರಕಾರ ಅನುಮಾನದ ಗುರುತನ್ನು ಪಡೆಯಿತು. ಈ ಕಾಯಿದೆ ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, 1952ರಲ್ಲಿ. ಕೊರವಂಜಿ ಎಂದೊಡನೆ ನಮಗೆ ಯಕ್ಷಗಾನದ ಚೆಲುವೆ, ಇಲ್ಲವೆ 1942ರಲ್ಲಿ ಹೊರಟ ರಾಶಿಯವರ ನಗೆಪತ್ರಿಕೆ ನೆನಪಾಗುತ್ತದೆ. ಚಾವಡಿಯ ಕಟ್ಟೆಯ ಕೆಳಗೆ ನಿಂತು ತನ್ನ ಸರದಿಗೆ ಕಾಯುತ್ತಿದ್ದ ಕೊರವಂಜಿಯೂ ನೆನಪಾಗಬೇಕು.

ಇನ್ನು ಲೋಕದ ಮಾತು. ಇಟಲಿ ಆಸ್ಟ್ರಿಯಾಗಳ ಗಡಿಯ ಹಿಮಪರ್ವತದಲ್ಲಿ 1991ರಲ್ಲಿ ಸುಮಾರು 5300 ವರ್ಷಗಳ ಹಿಂದಿನ ಒಬ್ಬ ಮನುಷ್ಯನ ಶವ ದೊರೆಯಿತು. ಅವನ ಮೈಮೇಲೆ 61 ಹಚ್ಚೆಯ ಗುರುತುಗಳನ್ನು ಎಣಿಸಿದ್ದಾರೆ. ಬಹುಪಾಲು ಬರಿಯ ಗೆರೆಗಳು. ಸವೆದ ಬೆನ್ನುಮೂಳೆ, ಮೊಣಕಾಲು, ಹರಡುಗಳ ಹತ್ತಿರ ಅವು ಇರುವುದರಿಂದ ನೋವಿನ ಉಪಶಮನಕ್ಕಾಗಿ ಹಾಕಿಸಿಕೊಂಡಿರಬೇಕೆಂದು ಪಂಡಿತರ ಊಹೆ. ಇಂಗ್ಲಿಷಿನ ‘ಟ್ಯಾಟೂ’ ಪದ, 1769ರಲ್ಲಿ ಕ್ಯಾಪ್ಟನ್ ಕುಕ್ಕನ ಹಡಗು ತಾಹಿತಿ ದ್ವೀಪಕ್ಕೆ ಹೋದಾಗ ಅಲ್ಲಿಯ ಜನರ ಮಾತಿನಿಂದ ಬಂದದ್ದು. ನ್ಯೂಯಾರ್ಕಿನಲ್ಲಿ 1891ರಲ್ಲಿ ಎಡಿಸನ್ನನ ವಿದ್ಯುತ್ ಲೇಖನಿಯ ತತ್ತ್ವವನ್ನೇ ಹಿಡಿದು ಹಚ್ಚೆಯ ಯಂತ್ರಕ್ಕೆ ಪೇಟೆಂಟು ಪಡೆದರು. ಆ ಯಂತ್ರದ ಮೊಮ್ಮಕ್ಕಳು ಬ್ಯಾಟರಿಯ ಬಲದಿಂದ ನಮ್ಮ ಜಾತ್ರೆಗಳಿಗೂ ಬಂದವು. ನಾನು ಶಾಲೆಗೆ ಹೋಗುವ ಕಾಲಕ್ಕೆ ಸೂಜಿಯ ಕಟ್ಟು ಮೂಲೆಗೆ ಬಿದ್ದಿತ್ತು.

ಬರಿಯ ಯಂತ್ರದಿಂದ ಹಚ್ಚೆ ಹಿಂದೆ ಸರಿಯಲಿಲ್ಲ, ನಾಚಿಕೆಯಿಂದ ಸರಿಯಿತು. ಓದಿದ ಮನೆಗಳಲ್ಲಿ ಹಚ್ಚೆ ಹಳ್ಳಿಗಾಡಿನ ಗುರುತಾಯಿತು. ನನ್ನ ತಾಯಿಯೇ ಪೇಟೆಯ ಮದುವೆಗಳಿಗೆ ಹೋಗುವಾಗ ಉದ್ದ ತೋಳಿನ ಕುಪ್ಪಸ ತೊಡುತ್ತಿದ್ದಳು. ಈಗ ಮೊಮ್ಮಗಳ ಸರದಿ ಬಂದಾಗ ಅದೇ ಹಚ್ಚೆ ಹಣ ಕೊಟ್ಟು ತೋರಿಸಿಕೊಳ್ಳುವ ವಸ್ತುವಾಗಿದೆ. ಒಂದು ತಲೆಮಾರು ಹೊತ್ತದ್ದನ್ನು ಇನ್ನೊಂದು ಮುಚ್ಚಿಕೊಂಡಿತು, ಮತ್ತೊಂದು ಹುಡುಕಿಕೊಂಡು ಬಂದಿದೆ.

ಇಂದಿನ ಆಯ್ಕೆಗೂ ಅದರದೇ ಕಟ್ಟುಗಳಿವೆ. ಮರಾಠಾ ಲಘು ಪದಾತಿದಳದ ಕೇಂದ್ರ ಬೆಳಗಾವಿಯಲ್ಲಿರುವುದರಿಂದ ನಮ್ಮ ಕಡೆಯ ಹುಡುಗರಿಗೆ ಸೈನ್ಯದ ಆಸೆ ಹೆಚ್ಚು. ಭೂಸೇನೆಯ ನಿಯಮದಂತೆ ಮುಂಗೈಯ ಒಳಬದಿಯಲ್ಲಿ ಮತ್ತು ಅಂಗೈಯ ಹಿಂಬದಿಯಲ್ಲಿ ಮಾತ್ರ ಹಚ್ಚೆ ಇರಬಹುದು. ಸಂಪ್ರದಾಯದಂತೆ ಹಾಕಿಸಿಕೊಳ್ಳುವ ಬುಡಕಟ್ಟಿನವರಿಗೆ ರಿಯಾಯಿತಿಯಿದೆ. ಒಬ್ಬರಿಗೆ ಬಳಸಿದ ಸೂಜಿಯಿಂದ ಇನ್ನೊಬ್ಬರಿಗೆ ಕಾಮಾಲೆಯ ವಿಷಾಣುಗಳೂ ಎಚ್.ಐ.ವಿ.ಯೂ ದಾಟಬಹುದಾದ್ದರಿಂದ ಹಚ್ಚೆ ಹಾಕಿಸಿಕೊಂಡವರ ರಕ್ತವನ್ನು ಒಂದು ವರ್ಷ ದಾನಕ್ಕೆ ಸ್ವೀಕರಿಸುವುದಿಲ್ಲ. ಹೊಸ ಸೂಜಿಯನ್ನು ಕಣ್ಣೆದುರು ಬಿಚ್ಚಿಸಿ ನೋಡು ಎಂದು ಮೊಮ್ಮಗಳಿಗೆ ನಾನು ಹೇಳಿದ್ದು ಅಜ್ಜನ ಹೆದರಿಕೆಯಿಂದಲ್ಲ.

ಅವಳೂ ನನಗೊಂದು ಹೊಸ ಸಂಗತಿ ಹೇಳಿದಳು. ಹಚ್ಚೆಯ ಮಸಿ ಚರ್ಮದಲ್ಲಿ ಸುಮ್ಮನೆ ಕುಳಿತಿರುತ್ತದೆಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಮೈಯ ಕಸವನ್ನು ನುಂಗುವ ಕಾವಲಿನ ಜೀವಕೋಶಗಳು ಆ ಮಸಿಯನ್ನು ನುಂಗಿ ಹಿಡಿದಿರುತ್ತವೆ. ಆ ಕೋಶ ಸತ್ತಾಗ ಮಸಿ ಹೊರಬೀಳುತ್ತದೆ. ಕೂಡಲೇ ಹೊಸದಾಗಿ ಹುಟ್ಟಿದ ಇನ್ನೊಂದು ಕೋಶ ಅದನ್ನು ನುಂಗಿಕೊಳ್ಳುತ್ತದೆ. ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ಇದನ್ನು ತೋರಿಸಿದರು. ಎಂದರೆ ಹಚ್ಚೆ ಉಳಿಯುವುದು ಯಾರೂ ಸಾಯದಿರುವುದರಿಂದ ಅಲ್ಲ, ಸತ್ತವರ ಕೈಯಿಂದ ಇದ್ದವರು ಎತ್ತಿಕೊಳ್ಳುವುದರಿಂದ. ಆಯಿಯ ಮೈಯೊಳಗೆ ಅಷ್ಟು ವರ್ಷ ತಪ್ಪದೆ ನಡೆದ ಈ ಕೆಲಸ, ಅವಳ ಮಕ್ಕಳು ಮೊಮ್ಮಕ್ಕಳಾದ ನಮ್ಮಲ್ಲಿ ನಡೆಯಲಿಲ್ಲ.

ಅಷ್ಟು ಹೇಳಿದ ಮೇಲೆ ನನ್ನ ಕೈಯಲ್ಲಿದ್ದ ಖಾಲಿ ಹಾಳೆಯ ಮೇಲೆ ನಾನು ಮೂರು ಚುಕ್ಕೆಗಳನ್ನಿಟ್ಟೆ. ಆಯಿಯ ಕೈಮೇಲಿನದರಲ್ಲಿ ನನಗೆ ಖಚಿತವಾಗಿ ಗೊತ್ತಿದ್ದುದು ಅದೊಂದೇ.

ಆ ಚುಕ್ಕೆಗಳು ಎಡಗೈಯ ಮಣಿಕಟ್ಟಿನ ಒಳಬದಿಗೆ, ಬಳೆಗಳ ಕೆಳಗೆ ಇದ್ದವು. ಕೈ ಉಳುಕಿದಾಗ ನೋವಿಗೆಂದು ಹಾಕಿಸಿದ್ದು ಎಂದು ಮನೆಯವರೆಲ್ಲ ತಿಳಿದಿದ್ದರು. ಆಯಿಯೂ ಹಾಗೆಯೇ ಹೇಳುತ್ತಿದ್ದಳು. ಅವಳು ತೀರಿಕೊಳ್ಳುವ ಹಿಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಕಣ್ಣು ಮಂಜಾಗಿದ್ದ ಅವಳಿಗೆ ನಾನು ಬಳೆ ಏರಿಸುತ್ತಿದ್ದಾಗ, ತಾನಾಗಿಯೇ ಹೇಳಿದಳು:

“ಇವು ನೋವಿನವಲ್ಲಪಾ. ನಿಮ್ಮ ಅಪ್ಪಗಿಂತ ಮದಲ ಮೂರು ಹೋದುವಲ್ಲ, ಅವು. ಒಂದಕ್ಕ ಹೆಸರ ಇಟ್ಟಿದ್ದಿಲ್ಲ. ಯಾರೂ ಅವುಗಳ ಸುದ್ದಿ ತಗೀತಿರಲಿಲ್ಲ. ಎಲ್ಲಿ ನಾನೂ ಮರತೇನಂತ ಆಕೀನ ಕರದು ಹಾಕಿಸ್ಕೊಂಡೆ.”

ತಾಯಿ, ಅತ್ತೆ, ಗಂಡ, ಯಾರನ್ನೂ ಕೇಳದೆ ಆಯಿ ತಾನೇ ಆರಿಸಿಕೊಂಡ ಹಚ್ಚೆ ಅದೊಂದೇ. ಅದಕ್ಕೆ ಕೂಲಿಯಾಗಿ ಕೊಡಲು ಮನೆಯ ಜೋಳ ಮುಟ್ಟುವಂತಿರಲಿಲ್ಲ. ಹಚ್ಚೆ ಚುಚ್ಚಿದವಳು ಏನನ್ನೂ ತೆಗೆದುಕೊಳ್ಳಲಿಲ್ಲವಂತೆ.

ಮೊಮ್ಮಗಳು ಬಹಳ ಹೊತ್ತು ಆ ಚುಕ್ಕೆಗಳನ್ನು ನೋಡಿದಳು. ಆಮೇಲೆ, “ಇವನ್ನ ನಾ ಹಾಕಿಸ್ಕೊಳ್ಳಲೇನಜ್ಜಾ?” ಎಂದಳು.

ನಾನು ಕೂಡಲೇ ಉತ್ತರ ಕೊಡಲಿಲ್ಲ. ಚೇಳು ತೊಟ್ಟಿಲುಗಳು ಎಲ್ಲರವು. ಅವುಗಳನ್ನು ಯಾರು ಬೇಕಾದರೂ ಹಾಕಿಸಿಕೊಳ್ಳಬಹುದು. ಈ ಮೂರು ಚುಕ್ಕೆಗಳು ಒಬ್ಬ ತಾಯಿಯ ಲೆಕ್ಕ. ಆ ಲೆಕ್ಕವನ್ನು ನಾವು ಓದಬಹುದು, ನಮ್ಮದೆಂದು ಬರೆದುಕೊಳ್ಳಬಹುದೇ? “ಯವ್ವಾ, ಅವು ಆಕೀವು” ಎಂದಷ್ಟೇ ಹೇಳಿದೆ. ಅವಳು ತಲೆಯಾಡಿಸಿದಳು.

ಮರುದಿನ ಬೆಳಿಗ್ಗೆ ಅವಳು ಅಂಕಲಗಿಗೆ ಹೋಗೋಣವೆಂದಳು. ಆಯಿಯ ತವರಿನ ಕಡೆಯ ಮುದುಕಿಯರು ಇಬ್ಬರು ಇನ್ನೂ ಇದ್ದಾರೆ. ತೆಳ್ಳನೆಯ ಕಾಗದವನ್ನು ಅವರ ಕೈಮೇಲೆ ಹಾಸಿ ಹಚ್ಚೆಗಳನ್ನೆಲ್ಲ ಇದ್ದುದು ಇದ್ದಂತೆ ಎತ್ತಿಕೊಂಡಳು. ಪ್ರತಿಯೊಂದರ ಪಕ್ಕದಲ್ಲಿ ಅವರು ಹೇಳಿದ ಮಾತನ್ನು ಅವರ ಮಾತಿನಲ್ಲಿಯೇ ಬರೆದುಕೊಂಡಳು. ಅವರಲ್ಲೊಬ್ಬಳ ಮೊಣಕೈಯ ಬಳಿ ನವಿಲೊಂದಿತ್ತು. ಗೆರೆಗಳು ಹರಡಿ, ಗರಿ ಯಾವುದು ಕಾಲು ಯಾವುದೆಂದು ತಿಳಿಯದಷ್ಟು ಮಾಸಿತ್ತು. ಅದನ್ನು ಕಾಗದಕ್ಕೆ ಇಳಿಸಲು ಅವಳಿಗೆ ಸುಮಾರು ಒಂದು ತಾಸು ಹಿಡಿಯಿತು.

ತನ್ನ ಕೈಗೆ ಯಾವುದನ್ನು ಆರಿಸಿಕೊಳ್ಳುತ್ತಾಳೆಂದು ಅವಳು ಇನ್ನೂ ಹೇಳಿಲ್ಲ. ನಾನೂ ಕೇಳಿಲ್ಲ.